ನಾಗವೇಣಿಯ ಸೂಜಿ

ಹೋದ ತಿಂಗಳು ಹರಪನಹಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಮೊದಲು ಎಲ್ಲರ ಕೈಗೂ ಸಣ್ಣ ಗಾಜಿನ ಬಾಟಲಿಯಲ್ಲಿ ತಣ್ಣನೆಯ ಬಾದಾಮಿ ಹಾಲು ಕೊಟ್ಟರು. ಉಳಿದವರೆಲ್ಲ ಮುಚ್ಚಳ ತೆಗೆದು, ಕುಡಿದು, ಖಾಲಿ ಬಾಟಲಿಯನ್ನು ಕುರ್ಚಿಯ ಕೆಳಗೆ ಇಟ್ಟೂ ಆಯಿತು. ನಾನು ಮಾತ್ರ ಅದನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಹೊಸೆಯುತ್ತ ಕೂತಿದ್ದೆ. ಪಕ್ಕದ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಯಾಕ್ರಿ, ಮಂತ್ರ ಹಾಕಿ ಕುಡಿತೀರಾ?" ಎಂದಳು.

ಮಂತ್ರವಲ್ಲ, ಚಟ. ನಾನು ಕೂಡ್ಲಿಗಿಯಲ್ಲಿ ನರ್ಸ್. ಅಂಗೈಗೆ ಹಿಡಿಯುವಷ್ಟು ಗಾಜಿನ ಬಾಟಲಿ ಕಂಡರೆ ನನ್ನ ಕೈ ತಾನಾಗಿ ಹೊಸೆಯಲು ಶುರು ಮಾಡುತ್ತದೆ. ಪೆನಿಸಿಲಿನ್‌ನಲ್ಲಿ ಒಂದು ಜಾತಿಯಿದೆ. ಬಿಳಿ ಪುಡಿಯಾಗಿ ಬರುತ್ತದೆ. ಅದಕ್ಕೆ ನೀರು ಸೇರಿಸಿ ಅಂಗೈಯಲ್ಲಿ ಹೊಸೆದು ಹೊಸೆದು ಕರಗಿಸಬೇಕು. ಕರಗಿದ ಮೇಲೂ ಅದು ನೀರಾಗುವುದಿಲ್ಲ, ತೆಳ್ಳಗಿನ ಅಂಬಲಿಯಾಗುತ್ತದೆ. ಸ್ವಲ್ಪ ತಡವಾದರೆ ಸೂಜಿಯೊಳಗೇ ಕಟ್ಟಿಕೊಳ್ಳುತ್ತದೆ. ಆಗ ಸೂಜಿ ಬದಲಿಸಿ ಇನ್ನೊಮ್ಮೆ ಚುಚ್ಚಬೇಕು. ಚುಚ್ಚಿಸಿಕೊಳ್ಳುವವರಿಗೆ ಎರಡು ದಿನ ಆ ಕಡೆಯ ಸೊಂಟ ಊರಿ ಕೂರಲು ಆಗುವುದಿಲ್ಲ. ಚುಚ್ಚಿದ ನರ್ಸಿನ ಮುಖ ಅವರಿಗೆ ಇಪ್ಪತ್ತೊಂದು ದಿನ ಮರೆಯುವುದಿಲ್ಲ. ಇಪ್ಪತ್ತೊಂದು ಏಕೆಂದರೆ ಅಷ್ಟು ದಿನಕ್ಕೆ ಮತ್ತೆ ಬಂದು ಅದೇ ಮುಖವನ್ನು ನೋಡಬೇಕು.

ಹೀಗೆ ನನ್ನ ಮುಖವನ್ನು ಹನ್ನೆರಡು ವರ್ಷ ನೋಡಿದವಳು ನಾಗವೇಣಿ. ನನ್ನ ತಲೆಯಲ್ಲಿರುವ ಬಿಳಿ ಕೂದಲಲ್ಲಿ ಅರ್ಧ ಅವಳವು. ಉಳಿದರ್ಧವನ್ನು ನನ್ನ ಗಂಡ ಮತ್ತು ಮಕ್ಕಳು ಹಂಚಿಕೊಳ್ಳಲಿ.

ಮೊದಲ ಸಲ ಅವಳನ್ನು ಕೊಟ್ಟೂರಿನಿಂದ ಅವಳ ತಾಯಿ ಕೊಟ್ರಮ್ಮ ಕರೆದುಕೊಂಡು ಬಂದಾಗ ಹುಡುಗಿಗೆ ಹದಿನಾಲ್ಕು. ಕೊಟ್ರಮ್ಮ ಹಾಸ್ಟೆಲೊಂದರಲ್ಲಿ ಅಡುಗೆಯವಳು, ಗಂಡ ತೀರಿಕೊಂಡಿದ್ದ. ಮಗಳ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಎರಡು ದಿನಕ್ಕೆ ಅದು ಇಳಿದು ಮೊಣಕೈ ಊದಿತು. ಜ್ವರ ಬೇರೆ. ಮನೆಯಲ್ಲಿ ವಾಯು ಎಂದು ಎಣ್ಣೆ ತಿಕ್ಕಿದ್ದರು. ನಮ್ಮ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ದಾವಣಗೆರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿ, ಹೃದಯದ ಒಂದು ಕವಾಟ ಕೆಟ್ಟಿದೆ, ಇನ್ನಷ್ಟು ಕೆಡದಂತೆ ಇಪ್ಪತ್ತೊಂದು ದಿನಕ್ಕೊಮ್ಮೆ ಈ ಸೂಜಿ ಹಾಕಿಸಲೇಬೇಕು, ನಲವತ್ತು ವರ್ಷವಾಗುವ ತನಕ ಎಂದು ಬರೆದುಕೊಟ್ಟರು.

"ಗಂಟಲು ನೋವಿಗೂ ಎದಿಗೂ ಏನ್ರೀ ಸಂಬಂಧ ಸಿಸ್ಟರ್?" ಎಂದು ಕೊಟ್ರಮ್ಮ ಕೇಳಿದ್ದಳು. ನಾನು ವಿವರಿಸಿದೆ. ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲು ನೋವನ್ನು ಸರಿಯಾಗಿ ವಾಸಿ ಮಾಡದಿದ್ದರೆ ಅದು ಕೀಲಿಗೆ ಇಳಿಯುತ್ತದೆ, ಕೀಲಿನಿಂದ ಹೋಗಿಬಿಡುತ್ತದೆ, ಆದರೆ ಹೃದಯಕ್ಕೆ ತಗುಲಿದರೆ ಅಲ್ಲಿಂದ ಹೋಗುವುದಿಲ್ಲ ಎಂದು. ಹೇಳುತ್ತ ಹೇಳುತ್ತ ನನಗೆ ನನ್ನದೇ ಬಾಲ್ಯ ನೆನಪಾಯಿತು. ಹಂಪಸಾಗರದಲ್ಲಿ ನಮಗೆ ಗಂಟಲು ನೋವು ಬಂದರೆ ಅವ್ವ ಸುಣ್ಣ, ಅರಿಶಿನ ಕಲಸಿ ಕತ್ತಿಗೆ ಬಳಿಯುತ್ತಿದ್ದಳು. ಹಳದಿ ಕತ್ತಿನ ಐದು ಮಕ್ಕಳು ಸಾಲಾಗಿ ಶಾಲೆಗೆ ಹೋಗುತ್ತಿದ್ದೆವು. ನಮ್ಮ ಐದು ಹೃದಯಗಳು ಹೇಗೆ ಉಳಿದುಕೊಂಡವೋ! ಒಮ್ಮೆ ಸೂಜಿ ಹಾಕಲು ಮನೆಗೇ ಬಂದ ಕಂಪೌಂಡರಿಗೆ ಹೆದರಿ ನಾನು ಖಾಲಿ ಕಣಜದೊಳಗೆ ಇಳಿದು ಕೂತಿದ್ದೆ. ಅಪ್ಪ ಎತ್ತಿ ಹೊರಗೆ ತಂದಾಗ ಕಂಪೌಂಡರ ಕೈಯನ್ನು ಹಲ್ಲು ಮೂಡುವಂತೆ ಕಚ್ಚಿದೆ. ಮುಂದೆ ನಾನು ನರ್ಸಿಂಗ್ ಸೇರಿದೆ ಎಂದು ಕೇಳಿ ಆ ಮನುಷ್ಯ, "ಆ ಹುಡುಗೀನಾ?" ಎಂದು ಕೈ ನೋಡಿಕೊಂಡನಂತೆ.

ಸೂಜಿಗೆ ಹೆದರುವವರನ್ನು ಕಂಡರೆ ನನಗೆ ಕರುಣೆ ಇರಬೇಕಿತ್ತು. ಇತ್ತು ಕೂಡ, ನಾಗವೇಣಿ ಬರುವ ತನಕ.

ಮೊದಲ ತಕರಾರು ತಾಯಿಯದು. ಕೊಟ್ಟೂರಿನಲ್ಲೇ ಹಾಕಿಸಿಕೊಳ್ಳಬಹುದಾದ ಸೂಜಿಗೆ ಆಕೆ ಮಗಳನ್ನು ಬಸ್ಸು ಹತ್ತಿಸಿ ಕೂಡ್ಲಿಗಿಗೇ ತರುತ್ತಿದ್ದಳು. ಕೇಳಿದರೆ, "ನಮ್ಮೂರಾಗ ಬ್ಯಾಡ್ರಿ ಸಿಸ್ಟರ್. ಎಲ್ಲಾರೂ ಗುರ್ತಿನವರು. ಹೆಣ್ಣು ಹುಡುಗಿ, ಎದಿ ರೋಗ ಐತಿ ಅಂತ ಒಬ್ರ ಬಾಯಿಗೆ ಬಿದ್ರ ಮುಂದ ಯಾರು ಮಾಡಿಕೊಂತಾರ?" ಎನ್ನುವಳು. ಹದಿನಾಲ್ಕು ವರ್ಷದ ಹುಡುಗಿಯ ಕವಾಟಕ್ಕಿಂತ ಅವಳ ಮದುವೆ ಆಕೆಗೆ ದೊಡ್ಡದಾಗಿ ಕಾಣುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಬಾಟಲಿ ಹೊಸೆಯುತ್ತಿದ್ದೆ.

ಆಮೇಲಿನ ತಕರಾರುಗಳೆಲ್ಲ ಮಗಳವು. ಇಪ್ಪತ್ತೊಂದನೆಯ ದಿನ ಬಂತೆಂದರೆ ಅವಳಿಗೆ ಪರೀಕ್ಷೆ ಇರುತ್ತಿತ್ತು. ಇಲ್ಲವೇ ಬಸ್ಸು ಇರುತ್ತಿರಲಿಲ್ಲ. ಬಸ್ಸಿದ್ದರೆ ಹುಣ್ಣಿಮೆ ಇರುತ್ತಿತ್ತು: "ಮೈಲಾರಕ್ಕ ಹೋಗೋ ಮಂದಿ ಅಕ್ಕ, ಬಸ್ಸಿನಾಗ ಕಾಲಿಡಾಕ ಜಾಗಿಲ್ಲ." ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಫೋಟೋದ ಪಕ್ಕ ಒಂದು ಕ್ಯಾಲೆಂಡರಿದೆ. ಅದರಲ್ಲಿ ಹಾಲಿನವನ ಲೆಕ್ಕ ಇರಬೇಕಾದ ಜಾಗದಲ್ಲಿ "ನಾ" ಎಂಬ ಅಕ್ಷರ ಇರುತ್ತಿತ್ತು. "ನಾ ಅಂದ್ರ ನಾನಾ?" ಎಂದು ನನ್ನ ಗಂಡ ಒಂದು ದಿನ ಆಸೆಯಿಂದ ಕೇಳಿದ. ಅವನ ಹೆಸರು ನಾಗರಾಜ. ನಾಗವೇಣಿ ಎಂದಾಗ ಅವನ ಮುಖ ಸಣ್ಣದಾಯಿತು.

ದಿನ ತಪ್ಪಿದರೆ ಫೋನು ಮಾಡಿ ಬೈಯುತ್ತಿದ್ದೆ. ಬಂದ ಮೇಲೆ ಎದುರಿಗೆ ಇನ್ನೊಮ್ಮೆ ಬೈಯುತ್ತಿದ್ದೆ. ಸೂಜಿ ಹಾಕಿದ ಮೇಲೆ ಮೈಗೆ ಒಗ್ಗಿದೆಯೋ ಇಲ್ಲವೋ ನೋಡಲು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಬೇಕು. ಅವಳು ಹತ್ತು ನಿಮಿಷಕ್ಕೇ ಚೀಲ ಹೆಗಲಿಗೇರಿಸುವಳು. "ಕುಂದ್ರಲೇ!" ಎಂದು ನಾನು ಕೂಗಿದರೆ ಪಕ್ಕದ ಬೆಂಚಿನ ನಾಲ್ಕು ಜನ ಹೆದರಿ ಕೂರುತ್ತಿದ್ದರು. ಹತ್ತೊಂಬತ್ತಕ್ಕೆ ಕವಾಟ ಕಿರಿದಾಯಿತೆಂದು ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡಿದರು. ಅಲ್ಲಿಂದ ಬಂದವಳೇ, "ಅಕ್ಕ, ಬಲೂನ್ ಹಾಕ್ಯಾರ, ಇನ್ನ ಸೂಜಿ ಬ್ಯಾಡಲ್ಲ?" ಎಂದಳು. ಬಾಗಿಲು ಅಗಲ ಮಾಡಿದ್ದು, ಹೊಸ ಬಾಗಿಲು ಇಟ್ಟಿದ್ದಲ್ಲ ಎಂದು ಅವಳಿಗೆ ತಿಳಿಸಲು ಒಂದು ವರ್ಷ ಹಿಡಿಯಿತು. ತಿಳಿಯಿತೋ ಇಲ್ಲವೋ ಈಗಲೂ ಗೊತ್ತಿಲ್ಲ.

ಇಪ್ಪತ್ತನಾಲ್ಕಕ್ಕೆ ಮದುವೆ ಗೊತ್ತಾಯಿತು. ಹಡಗಲಿಯ ಕಡೆಯ ಹುಡುಗ ಮಂಜುನಾಥ, ಲೈನ್‌ಮನ್ ಕೆಲಸ. ಅವನ ತಾಯಿ ಗಂಗಮ್ಮ ತಮ್ಮ ಹಳ್ಳಿಯ ಅಂಗನವಾಡಿಯಲ್ಲಿ ಕಾರ್ಯಕರ್ತೆ. ಪತ್ರಿಕೆ ಕೊಡಲು ಬಂದ ಕೊಟ್ರಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಹುಡುಗನ ಮನಿಯವರಿಗೆ ಹೇಳೀರೇನು?"

"ಮದುವಿ ಒಂದು ಆಗ್ಲಿ ತಡೀರಿ ಸಿಸ್ಟರ್."

"ಆಮ್ಯಾಲೆ?"

"ಆಮ್ಯಾಲೆ ಒಂದು ಕೂಸು ಆಗ್ಲಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೂಸು ಆಗುವುದಕ್ಕೆ ಮೊದಲೇ ಹೇಳಬೇಕು, ಬಸಿರಿಯಾದರೆ ಮೈಯಲ್ಲಿ ರಕ್ತ ಹೆಚ್ಚುತ್ತದೆ, ಕಿರಿದಾದ ಕವಾಟ ಅದನ್ನು ತಡೆಯಲಾರದು, ಮೊದಲು ಹೃದಯದ ಡಾಕ್ಟರನ್ನು ಕೇಳಿ ಎಂದು ಬೇಡಿಕೊಂಡೆ. ಕೊಟ್ರಮ್ಮ ನನ್ನ ಕೈ ಹಿಡಿದು, "ನಿಮ್ಮ ಬಾಯಿಂದ ಮಾತ್ರ ಹೊರಗ ಬರಬಾರ್ದು ನೋಡ್ರಿ" ಎಂದಳು. ರೋಗಿಯ ಗುಟ್ಟನ್ನು ರೋಗಿಯೇ ಹೇಳಬೇಕು, ನರ್ಸ್ ಹೇಳುವಂತಿಲ್ಲ. ಅದು ನಾವು ಕಲಿತ ಮೊದಲ ಪಾಠಗಳಲ್ಲಿ ಒಂದು. ನಾನು ಮದುವೆಗೆ ಹೋಗಿ ಎರಡು ಹೋಳಿಗೆ ತಿಂದು, ಗಂಗಮ್ಮನ ಕೈಯಿಂದಲೇ ಎಲೆ ಅಡಿಕೆ ಇಸಿದುಕೊಂಡು ಬಂದೆ. ಆ ಹೋಳಿಗೆ ಮೂರು ದಿನ ಅರಗಲಿಲ್ಲ.

ಮದುವೆಯ ನಂತರ ತಮಾಷೆ ಇನ್ನೂ ಹೆಚ್ಚಾಯಿತು. ತವರಿನ ನೆಪ ಹೇಳಿ, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಅವಳು ಕೂಡ್ಲಿಗಿಗೆ ಬರುತ್ತಿದ್ದಳು. ಒಮ್ಮೆ ಫೋನು ಮಾಡಿ, "ಅಕ್ಕ, ನೀನೇ ಬಸ್‌ಸ್ಟ್ಯಾಂಡಿಗೆ ಬಂದು ಹಾಕಿ ಹೋಗು, ವಾಪಸ್ ಬಸ್ಸು ಐತಿ" ಎಂದಳು. "ಬಸ್‌ಸ್ಟ್ಯಾಂಡಿನಾಗ ಹಾಕಾಕ ಇದೇನು ಶೇಂಗಾ ಪೊಟ್ಟಣನಾ?" ಎಂದು ನಾನು ಕೂಗಿದ್ದಕ್ಕೆ ನಮ್ಮ ವಾರ್ಡಿನಲ್ಲಿ ಒಂದು ಮಗು ಎದ್ದು ಅತ್ತಿತು. ಇನ್ನೊಂದು ಸಲ ಗಂಗಮ್ಮನೇ ಜೊತೆಗೆ ಬಂದುಬಿಟ್ಟಳು. ದಪ್ಪ ಕನ್ನಡಕ, ಹೆಗಲಿಗೆ ರಿಜಿಸ್ಟರು ತುಂಬಿದ ಚೀಲ. ನನ್ನ ಕೈಯಲ್ಲಿದ್ದ ಬಿಳಿ ಬಾಟಲಿಯನ್ನು ನೋಡಿ, "ಏನಿದು ಇಂಜೆಕ್ಷನ್?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಾಗವೇಣಿ, "ಶಕ್ತಿದು ಅತ್ತಿ" ಎಂದಳು.

"ಹಂಗಾದ್ರ ನನಗೂ ಒಂದು ಹಾಕ್ರಿ. ಮಣಕಾಲು ಹಿಡ್ದಾವ" ಎಂದು ಗಂಗಮ್ಮ ಮಂಚದ ಮೇಲೆ ಕೂತೇಬಿಟ್ಟಳು.

ಆಕೆಯನ್ನು ಎಬ್ಬಿಸಿ ಹೊರಗೆ ಕಳಿಸುವಷ್ಟರಲ್ಲಿ ನನ್ನ ಬಾಟಲಿಯಲ್ಲಿದ್ದದ್ದು ಗಟ್ಟಿಯಾಗಿ ಸೂಜಿ ಕಟ್ಟಿಕೊಂಡಿತು. ಎರಡು ಸಲ ಚುಚ್ಚಬೇಕಾಯಿತು. ನಾಗವೇಣಿ ಕಣ್ಣೀರು ಹಾಕಿದಳು. ಸುಳ್ಳಿಗೆ ಸರಿಯಾದ ಬೆಲೆ ಎಂದು ನಾನು ಒಳಗೊಳಗೇ ಸಮಾಧಾನಪಟ್ಟುಕೊಂಡೆ, ನರ್ಸುಗಳು ಹಾಗೆಲ್ಲ ಪಟ್ಟುಕೊಳ್ಳಬಾರದು.

ಬಸಿರಿಯಾದ ಸುದ್ದಿಯನ್ನು ಅವಳು ನನಗೆ ಹೇಳಿದ್ದು ನಾಲ್ಕನೆಯ ತಿಂಗಳಲ್ಲಿ, ಅದೂ ಎರಡು ಸೂಜಿ ತಪ್ಪಿಸಿಕೊಂಡ ಮೇಲೆ. ಕೂಸಿಗೆ ತೊಂದರೆಯಾದೀತೆಂದು ತಾನೇ ನಿಲ್ಲಿಸಿದ್ದಳಂತೆ. ಕೂಸಿಗೆ ಈ ಸೂಜಿಯಿಂದ ಏನೂ ಆಗುವುದಿಲ್ಲ, ತಾಯಿಗೆ ಆಗುವುದೆಲ್ಲ ಕೂಸಿಗೂ ಆಗುತ್ತದೆ ಎಂದು ಬೈದು ಕರೆಸಿದೆ. ಸೂಜಿ ಹಾಕಿ, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದೆ. ಸುಮ್ಮನೆ ಕೂತ ಹುಡುಗಿಯ ನಾಡಿ ಓಡಿ ಬಂದವಳ ನಾಡಿಯಂತಿತ್ತು. ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ನೋಡಿ, ದಾವಣಗೆರೆಯ ಹೃದಯದ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟು, ಇದೇ ವಾರ ಹೋಗಲೇಬೇಕು ಎಂದರು. ನಾಗವೇಣಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು.

"ಮನಿಯಾಗ ಹೇಳು."

"ಹೂಂ ಅಕ್ಕ."

"ಯಾವಾಗ ಹೇಳ್ತಿ?"

"ಹೂಂ ಅಕ್ಕ."

ಅದರ ನಂತರ ಅವಳು ನನ್ನ ಫೋನು ಎತ್ತಲಿಲ್ಲ. ಕೊಟ್ರಮ್ಮ ಎತ್ತಿದಳು, "ಅರಾಮ ಅದಾಳ್ರಿ, ನೀವು ಸುಮ್ನ ಹೆದರಿಸಬ್ಯಾಡ್ರಿ" ಎಂದು ಇಟ್ಟಳು. ಹಡಗಲಿಗೇ ಹೋಗಿ ಬಾಗಿಲು ಬಡಿಯೋಣವೆಂದು ಎರಡು ಸಲ ಸೀರೆ ಉಟ್ಟು ಎರಡು ಸಲ ಬಿಚ್ಚಿಟ್ಟೆ. ಏಳನೆಯ ತಿಂಗಳಲ್ಲಿ ಫೋನಿಗೆ ಒಂದು ಬಣ್ಣದ ಕರೆಯೋಲೆ ಬಂತು: ಕೊಟ್ಟೂರಿನಲ್ಲಿ ಅವಳ ಕುಬಸ, ಅಂದರೆ ಸೀಮಂತದ ಕಾರ್ಯಕ್ರಮ. ನನಗೆ ಅಂದು ಡ್ಯೂಟಿ. ಇಲ್ಲದಿದ್ದರೂ ಹೋಗುತ್ತಿರಲಿಲ್ಲ, ಅಷ್ಟು ಸಿಟ್ಟಿತ್ತು.

ಅಂದು ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಆಸ್ಪತ್ರೆಯ ಮುಂದೆ ಒಂದು ಕಾರು ನಿಂತಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿತುಂಬ ಮಲ್ಲಿಗೆ. ಆರತಿ ಮಾಡಿದ ಕುಂಕುಮ ಬೆವರಿಗೆ ಮೂಗಿನ ಮೇಲೆ ಇಳಿದಿತ್ತು. ಮಂಜುನಾಥ ಅವಳನ್ನು ಎತ್ತಿಕೊಂಡೇ ಒಳಗೆ ತಂದ. ಮಲಗಿಸಲು ಹೋದರೆ ನಾಗವೇಣಿ ಎರಡೂ ಕೈಯಿಂದ ಮಂಚ ಹಿಡಿದು ಎದ್ದು ಕೂರುತ್ತಿದ್ದಳು. ಮಲಗಿದರೆ ಉಸಿರೇ ಇಲ್ಲ. ಉಸಿರಿನ ಜೊತೆ ಗೊರಗೊರ ಸದ್ದು.

"ಮಲಗಿಸಬ್ಯಾಡ್ರಿ!" ಎಂದು ಓಡಿದೆ. ಬೆನ್ನಿಗೆ ದಿಂಬು ಕೊಟ್ಟು, ಕಾಲು ಕೆಳಗೆ ಇಳಿಬಿಟ್ಟು ಕೂರಿಸಿ, ಮೂಗಿಗೆ ಆಕ್ಸಿಜನ್ ಇಟ್ಟೆ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಹೊಸಬರು, ಅವಳನ್ನು ಎಂದೂ ನೋಡಿದವರಲ್ಲ. "ಮೊದಲಿನಿಂದ ಏನಾದರೂ ಕಾಯಿಲೆ ಇದೆಯಾ?" ಎಂದು ಕೇಳಿದರು.

"ಏನೂ ಇಲ್ರಿ. ತಾಯಿ ಕಾರ್ಡಿನಾಗ ನಾನೇ ಪಕ್ಕದಾಗ ನಿಂತು ಬರೆಸೀನಿ, ಏನೂ ಇಲ್ಲ ಅಂತ" ಎಂದಳು ಗಂಗಮ್ಮ. ಕೊಟ್ರಮ್ಮ ಗೋಡೆ ನೋಡುತ್ತ ನಿಂತಿದ್ದಳು. ನಾಗವೇಣಿ ನನ್ನ ಕಡೆ ನೋಡಿದಳು. ಬೇಡ ಅಕ್ಕ ಎನ್ನುವ ನೋಟ. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ನೀನು ಹೇಳ್ತಿಯೋ, ನಾನು ಡಾಕ್ಟರಿಗೆ ಹೇಳ್ಲೋ? ಇನ್ನ ಟೈಮಿಲ್ಲಲೇ" ಎಂದೆ.

ಹೇಳಲು ಅವಳಿಗೆ ಉಸಿರಿರಲಿಲ್ಲ. ಪರ್ಸಿಗೆ ಕೈ ಹಾಕಿದಳು. ನಾಲ್ಕು ಮಡಿಕೆಯ ಆ ಚೀಟಿಯನ್ನು ತೆಗೆದು ಡಾಕ್ಟರಿಗೆ ಕೊಡಲಿಲ್ಲ, ನನಗೂ ಕೊಡಲಿಲ್ಲ. ಅತ್ತೆಯ ಕೈಗೆ ಇಟ್ಟಳು.

ಗಂಗಮ್ಮ ಕನ್ನಡಕ ಸರಿ ಮಾಡಿಕೊಂಡು ಓದಿದಳು. ಇಂಗ್ಲಿಷಿನಲ್ಲಿತ್ತು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಮೂರು ತಿಂಗಳ ಹಿಂದಿನ ತಾರೀಕನ್ನೂ ನೋಡಿದಳು. ಆಮೇಲೆ ಚೀಟಿಯನ್ನು ಡಾಕ್ಟರಮ್ಮನಿಗೆ ಕೊಟ್ಟು, ಸೊಸೆಯ ಮೂಗಿನ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿ ಹೇಳಿದಳು: "ಮೊದ್ಲು ಉಸಿರಾಡು. ಆಮ್ಯಾಲೆ ಜಗಳ ಮಾಡೋಣು."

ಎದೆಯಲ್ಲಿ ತುಂಬಿದ ನೀರಿಳಿಸುವ ಇಂಜೆಕ್ಷನ್ ಕೊಟ್ಟು ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಹೊರಟೆವು. ಜೊತೆಗೆ ನಾನೂ ಹತ್ತಿದೆ. ಕೊಟ್ಟೂರು ದಾಟಿ ಹರಪನಹಳ್ಳಿಯ ಮೇಲೆ ಹೋಗಬೇಕು. ಅಂದರೆ ಬಂದ ದಾರಿಯಲ್ಲೇ ವಾಪಸ್ಸು. ಕೊಟ್ಟೂರಿನಲ್ಲೇ ಆಸ್ಪತ್ರೆಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತಿತ್ತು. ಗುಟ್ಟು ಬಯಲಾದೀತೆಂದು ಹುಡುಗಿ ಆ ಉಸಿರಿನಲ್ಲೂ ಕೂಡ್ಲಿಗಿಗೇ ಹೋಗಬೇಕೆಂದು ಹಟ ಮಾಡಿದ್ದಳಂತೆ. ರಸ್ತೆಯ ಪ್ರತಿ ಕುಲುಕಿಗೂ ದಿಂಬುಗಳು ಜಾರುತ್ತಿದ್ದವು. ನಾನು ಒಂದನ್ನು ಎತ್ತಿ ಇಡುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಗಂಗಮ್ಮ ಅವೆಲ್ಲವನ್ನೂ ಕೆಳಗೆ ತಳ್ಳಿ, ಸ್ಟ್ರೆಚರಿನ ಮೇಲೆ ಹತ್ತಿ, ಸೊಸೆಯ ಹಿಂದೆ ಕೂತು, ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡಳು. ಹಿಡಿದ ಮೊಣಕಾಲು ಮಡಿಸಿಕೊಂಡು ಅಷ್ಟು ದೂರವೂ ಹಾಗೇ ಕೂತಳು. ಬಾಯಿ ಮಾತ್ರ ಒಂದು ಕ್ಷಣ ನಿಲ್ಲಲಿಲ್ಲ.

"ಸುಳ್ಳಿ. ದೊಡ್ಡ ಸುಳ್ಳಿ. ಶಕ್ತಿ ಇಂಜೆಕ್ಷನ್ ಅಂತ! ಬಿಗಿ ಹಿಡ್ಕೋ ನನ್ನ ಕೈ. ನಿಮ್ಮವ್ವಗ ಐತಿ ತಡಿ. ಮೂಗಿನಿಂದ ಎಳಿ ಉಸಿರು, ಬಾಯಿಂದ ಅಲ್ಲ. ಸುಳ್ಳರ ಮನಿ ಹುಡುಗಿ ತಂದಂಗಾತು."

ಹರಪನಹಳ್ಳಿ ದಾಟುವ ತನಕ ಬೈದಳು. ಆ ಬೈಗುಳದ ನಡುವೆಯೇ ನಾಗವೇಣಿಯ ಉಸಿರು ಒಂದು ಲಯಕ್ಕೆ ಬರುವುದನ್ನು ನಾನು ಎಣಿಸುತ್ತ ಹೋದೆ.

ಅವಳನ್ನು ಅಲ್ಲಿ ಒಂದೂವರೆ ತಿಂಗಳು ಇಟ್ಟುಕೊಂಡರು. ಉಪ್ಪಿಲ್ಲದ ಊಟ, ದಿನಾ ತೂಕ, ಕುಡಿದ ನೀರು ಇಷ್ಟು, ಹೋದ ಮೂತ್ರ ಇಷ್ಟು ಎಂದು ಅಳತೆ. ಅಳತೆ ಬರೆಯುವ ಕೆಲಸವನ್ನು ಗಂಗಮ್ಮ ಅಲ್ಲಿಯ ನರ್ಸುಗಳಿಂದ ಕಿತ್ತುಕೊಂಡು ತನ್ನ ಅಂಗನವಾಡಿಯ ಅಕ್ಷರದಲ್ಲಿ ತಾನೇ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದಳಂತೆ. ಆಮೇಲೆ ಹೆಣ್ಣು ಮಗುವಾಯಿತು. ಮಗು ಸಣ್ಣದು, ಗಟ್ಟಿ. ಇಂಥವರಿಗೆ ಹೆರಿಗೆಗಿಂತ ಹೆರಿಗೆಯಾದ ಮಾರನೆಯ ದಿನವೇ ಗಂಡಾಂತರ. ಆ ಒಂದು ದಿನ ನಾನು ಕೂಡ್ಲಿಗಿಯಲ್ಲಿ ಯಾರ ಟೆಂಪರೇಚರ್ ಯಾರ ಹಾಳೆಯಲ್ಲಿ ಬರೆದೆನೋ, ನಮ್ಮ ಹಿರಿಯ ಸಿಸ್ಟರ್ ಎರಡು ಸಲ ತಿದ್ದಿದರು. ಸಂಜೆ ಮಂಜುನಾಥ ಫೋನು ಮಾಡಿ, "ಅರಾಮ ಅದಾಳ ಅಕ್ಕ, ಹಸಿವಿ ಅಂತಾಳ" ಎಂದ ಮೇಲೆಯೇ ನನ್ನ ಹಾಳೆಗಳು ಸರಿಯಾದವು.

ವಾರದ ರಜೆಯಲ್ಲಿ ನೋಡಲು ಹೋದೆ. ವಾರ್ಡಿನ ಹೊರಗೆ ಗಂಗಮ್ಮ ನನ್ನನ್ನು ತಡೆದು ನಿಲ್ಲಿಸಿದಳು. ಕೊಟ್ರಮ್ಮನ ಜೊತೆ ಜಗಳ ಮೊದಲ ವಾರವೇ ಮುಗಿದು, ಈಗ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಉಳಿದವಳು ನಾನೊಬ್ಬಳೇ.

"ಹನ್ನೆರಡು ವರ್ಷ ನಿಮಗ ಗೊತ್ತಿತ್ತು" ಎಂದಳು. "ನಾನು ಅಂಗನವಾಡಿಯಾಕಿ. ನಮ್ಮೂರಿನ ಎಲ್ಲಾ ಬಸರೇರ ರಕ್ತ ಎಷ್ಟೈತಿ, ತೂಕ ಎಷ್ಟೈತಿ, ಬಾಯಿಪಾಠ ನನಗ. ನನ್ನ ಮನಿಯಾಗ ನನ್ನ ಸೊಸಿ ಎದಿಯಾಗ ಏನೈತಿ ಅಂತ ನನಗ ಗೊತ್ತಿಲ್ಲ. ನನ್ನ ಕೈಲೆ ಎಲಿ ಅಡಿಕಿ ಇಸಗೊಂಡ್ರಿ. ಒಂದು ಮಾತು ಹೇಳಿದ್ರ ನಾನೇನು ಆಕಿನ್ನ ಹೊರಗ ಹಾಕ್ತಿದ್ನೇನು?"

ನನ್ನ ಹತ್ತಿರ ಉತ್ತರವಿತ್ತು. ರೋಗಿಯ ಗುಟ್ಟು, ನಮ್ಮ ನಿಯಮ. ಅದು ಸರಿಯಾದ ಉತ್ತರವೂ ಹೌದು. ಅದರ ಬದಲು "ತಪ್ಪಾತ್ರಿ" ಎಂದೆ. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೂ ಅಂದೆ. ಗಂಗಮ್ಮ "ಆಕಿ ಹೊರಗ ಹಾಕ್ತಾರ ಅಂತ ಅನ್ಕೊಂಡಿದ್ಲು ನೋಡ್ರಿ. ಅದೇ ನನಗ ಬಾಳ ಬ್ಯಾಸರ" ಎಂದು, ಮಗುವನ್ನು ತಂದು ನನ್ನ ಕೈಗೆ ಕೊಟ್ಟಳು.

ನಾಗವೇಣಿ ಮನೆಗೆ ಹೋದ ಮೇಲೆ ಮೊದಲ ಸೂಜಿಯ ದಿನ ಬಂತು. ನಾನು ಬೆಳಿಗ್ಗೆಯೇ ಎಲ್ಲ ತೆಗೆದಿಟ್ಟುಕೊಂಡೆ. ಹತ್ತಾಯಿತು, ಹನ್ನೆರಡಾಯಿತು. ಎರಡು ಗಂಟೆಗೆ ನನ್ನ ಸಿಟ್ಟು ನೆತ್ತಿಗೇರಿತು. ಸಾವಿನ ಬಾಗಿಲಿಗೆ ಹೋಗಿ ಬಂದರೂ ಬುದ್ಧಿ ಬರಲಿಲ್ಲವಲ್ಲ! ಫೋನು ಮಾಡಿದೆ. ಎತ್ತಿದವಳು ಅವಳೇ. ಹಿಂದೆ ಮಗು ಅಳುವ ಸದ್ದು.

"ಎಲ್ಲದೀಯಲೇ? ಇವತ್ತು ಏನು ಗೊತ್ತೈತೇನು?"

"ಹಾಕಿಸ್ಕೊಂಡು ಬಂದ್ನಲ್ಲ ಅಕ್ಕ, ಮುಂಜಾನೇನ. ಇಲ್ಲೇ ಹಡಗಲಿಯಾಗ."

"ಹಡಗಲಿಯಾಗ?"

"ಇನ್ನ ಯಾರಿಗೆ ಮುಚ್ಚಿಡಬೇಕು? ಅಷ್ಟು ದೂರ ಯಾಕ ಬರ್ಲಿ ನಾನು?"

ನಿಜ. ಅವಳು ಕೂಡ್ಲಿಗಿಗೆ ಬರುತ್ತಿದ್ದದ್ದು ಗುಟ್ಟಿಗಾಗಿ. ನನಗಾಗಿ ಎಂದು ಯಾವಾಗ ಅಂದುಕೊಂಡೆನೋ ನಾನು. ಹನ್ನೆರಡು ವರ್ಷದಿಂದ ಮುಚ್ಚಿಡದೆ ಹತ್ತಿರದಲ್ಲೇ ಹಾಕಿಸಿಕೊಳ್ಳಿ ಎಂದು ಅವರಿಗೆ ಬಾಯಿ ಬಾಯಿ ಬಡಿದುಕೊಂಡವಳೂ ನಾನೇ. ಈಗ ಮಾಡಿದ್ದರು. ನನಗೆ ಬಂದ ಸಿಟ್ಟು ಯಾವ ಬಗೆಯದೆಂದು ಇನ್ನೂ ತಿಳಿದಿಲ್ಲ.

"ಅಲ್ಲಿ ಸಿಸ್ಟರ್ ಕೈ ಬಾಳ ಹಗುರ ಅಕ್ಕ" ಎಂದಳು ನಾಗವೇಣಿ. "ಚುಚ್ಚಿದ್ದೇ ಗೊತ್ತಾಗ್ಲಿಲ್ಲ."

ನಾನು ಕೇಳಿದೆ: "ಅರ್ಧ ತಾಸು ಕುಂದ್ರಿಸಿದ್ರೇನು?"

"ಅವರು ಅರ್ಧ ತಾಸು ಸಾಕು ಅಂದ್ರು. ಅತ್ತಿ ಮುಕ್ಕಾಲು ತಾಸು ಎದ್ದೇಳಾಕ ಬಿಡ್ಲಿಲ್ಲ."

ಇನ್ನು ನಾನು ಹೇಳುವುದು ಏನೂ ಉಳಿದಿರಲಿಲ್ಲ. ಆದರೂ ಐದು ನಿಮಿಷ ಬೈದೇ ಫೋನು ಇಟ್ಟೆ.